ಉಕ್ಕಿನ ಚೌಕಟ್ಟು

ಶಬ್ದಗಳ ಜಾಡು ಹಿಡಿದು ಹೋಗುವವರಿಗೆ ‘ಬೈಸಿಕಲ್’ ಎಂಬ ಮಾತು ಮೊದಲ ನೋಟಕ್ಕೆ ಪರದೇಶದ್ದಾಗಿ ತೋರಿದರೂ ಅದರ ಬೇರು ನಮ್ಮ ಹಿತ್ತಿಲಿನವರೆಗೂ ಹಬ್ಬಿರುವುದು ಕಾಣಬರುತ್ತದೆ. ಲ್ಯಾಟಿನಿನ ‘ಬಿ’ ಎಂಬುದೂ ಸಂಸ್ಕೃತದ ‘ದ್ವಿ’ ಎಂಬುದೂ ಒಂದೇ ಮೂಲದಿಂದ ಒಡೆದ ಕವಲುಗಳು. ಗ್ರೀಕರ ‘ಕುಕ್ಲೋಸ್’ ಎಂಬುದೂ ನಮ್ಮ ‘ಚಕ್ರ’ವೂ ಒಡಹುಟ್ಟುಗಳು. ಆದುದರಿಂದ ಬೈಸಿಕಲ್ಲನ್ನು ‘ದ್ವಿಚಕ್ರ’ವೆಂದು ಕರೆದವರು ಹೊಸದೊಂದು ಭಾಷಾಂತರವನ್ನು ಮಾಡಿದರೆನ್ನುವುದಕ್ಕಿಂತ, ಎಂದೋ ಊರು ಬಿಟ್ಟುಹೋಗಿದ್ದ ನಂಟರನ್ನು ಮನೆಗೆ ಕರೆತಂದರೆನ್ನುವುದೇ ಮೇಲು.

ಆ ದ್ವಿಚಕ್ರಕ್ಕೆ ಬೆನ್ನೆಲುಬಾದ ಉಕ್ಕಿನ ಕಥೆಯೂ ಹೀಗೆಯೇ. 1795ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯವರ ಮುಂದೆ ಜಾರ್ಜ್ ಪಿಯರ್ಸನ್ ಎಂಬ ವೈದ್ಯರು ಇಂಡಿಯಾದ ಒಂದು ಬಗೆಯ ಉಕ್ಕನ್ನು ಕುರಿತು ಪ್ರಬಂಧ ಮಂಡಿಸಿದರು. ಅದರಲ್ಲಿ ಅವರು ಬಳಸಿದ ಹೆಸರು ‘ವೂಟ್ಸ್’. ‘ಉಕ್ಕು’ ಎಂಬ ಮಾತೇ ಪರಕೀಯರ ಕಿವಿಯಲ್ಲಿಯೂ ಲೇಖನಿಯಲ್ಲಿಯೂ ಹಾಗಾಯಿತೆಂದು ವಿದ್ವಾಂಸರು ಹಲವರು ಭಾವಿಸುತ್ತಾರೆ. ಮೈಕೆಲ್ ಫ್ಯಾರಡೆಯು ಸ್ಟೊಡಾರ್ಟ್ ಎಂಬ ಶಸ್ತ್ರಶಿಲ್ಪಿಯೊಡನೆ ಸೇರಿ ಈ ವೂಟ್ಸಿನ ಗುಟ್ಟನ್ನು ಬಿಡಿಸಲು ಹೊರಟು, ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರಸಿ ನೋಡಿ, 1820ರಲ್ಲಿ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದನು. ಮಿಶ್ರಲೋಹದ ಉಕ್ಕುಗಳ ವ್ಯವಸ್ಥಿತವಾದ ಅಧ್ಯಯನಕ್ಕೆ ಅದು ನಾಂದಿ. ಇಂದು ಒಳ್ಳೆಯ ಸೈಕಲ್ ಚೌಕಟ್ಟುಗಳಿಗೆ ಬಳಸುವ ಕ್ರೋಮೋಲಿ ಎಂಬ ಉಕ್ಕಿನಲ್ಲಿ ನೂರಕ್ಕೆ ಸುಮಾರು ಒಂದು ಪಾಲು ಕ್ರೋಮಿಯಮ್ಮೂ, ಐದನೆಯ ಒಂದು ಪಾಲಿನಷ್ಟು ಮಾಲಿಬ್ಡಿನಮ್ಮೂ, ಒಂದು ಚಿಟಿಕೆ ಇಂಗಾಲವೂ ಇರುತ್ತವೆ. ಅಡಿಗೆಯಲ್ಲಿ ಉಪ್ಪಿನ ಪ್ರಮಾಣವೆಷ್ಟು? ಆದರೂ ರುಚಿ ನಿಂತಿರುವುದು ಅದರ ಮೇಲೆಯೇ ಅಲ್ಲವೇ?

ತಿಪಟೂರು ತಾಲ್ಲೂಕಿನ ಬಿಳಿಗೆರೆಯ ಸುತ್ತಿನ ಸೀಮೆಯಲ್ಲಿ ಸೈಕಲ್ಲಿನ ಪರಿಚಯವಿಲ್ಲದ ಮನೆಯೇ ಇಲ್ಲವೆನ್ನಬಹುದು. ತೋಟಕ್ಕೂ ಮನೆಗೂ ನಡುವಣ ಬದುವಿನ ಹಾದಿ, ಮರಳು ಬೆರೆತ ಕೆಂಪು ನೆಲ, ಅಡ್ಡಬಿದ್ದ ಗರಿ ಮಟ್ಟೆಗಳು, ಬೇಲಿಯ ಜಾಲಿಮುಳ್ಳು, ಮಳೆಗಾಲದಲ್ಲಿ ಕೊರಕಲಾಗುವ ಇಳಿಜಾರುಗಳು, ಇವೆಲ್ಲವನ್ನೂ ಕರಿಯ ಬಣ್ಣದ ರೋಡ್‌ಸ್ಟರ್ ಸೈಕಲ್ಲು ತಲೆಮಾರುಗಳ ಕಾಲ ಸಹಿಸಿಕೊಂಡು ಬಂದಿದೆ. ಮದರಾಸಿನ ಟಿ.ಐ. ಸೈಕಲ್ಸ್ 1949ರಲ್ಲಿಯೂ, ಸೋನಿಪತ್ತಿನ ಅಟ್ಲಾಸ್ 1951ರಲ್ಲಿಯೂ, ಲೂಧಿಯಾನದ ಹೀರೋ 1956ರಲ್ಲಿಯೂ ಹುಟ್ಟಿದ ಮೇಲೆ ಈ ವಾಹನವು ಸಾಹುಕಾರರ ಜಗಲಿಯಿಂದಿಳಿದು ಸಾಮಾನ್ಯರ ಕೊಟ್ಟಿಗೆಗೆ ಬಂದಿತು. ಎಳನೀರಿನ ಗೊನೆಗಳನ್ನು ಇಬ್ಬದಿಗೂ ತೂಗುಹಾಕಿಕೊಂಡು ಪೇಟೆಗೆ ಹೋದದ್ದು ಅದೇ. ಅಡ್ಡದಂಡದ ಕೆಳಗೆ ಕತ್ತರಿಕಾಲು ತೂರಿಸಿ ಮಕ್ಕಳು ಸವಾರಿ ಕಲಿತದ್ದೂ ಅದರ ಮೇಲೆಯೇ. 2006-07ರಿಂದ ಕರ್ನಾಟಕ ಸರ್ಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಸೈಕಲ್ಲುಗಳನ್ನು ಹಂಚತೊಡಗಿದಾಗ ಶಾಲೆಯ ಅಂಗಳಗಳಲ್ಲಿ ಅವು ಸಾಲುಗಟ್ಟಿ ನಿಂತ ನೋಟವನ್ನು ಉಪಾಧ್ಯಾಯರು ಮರೆತಿರಲಾರರು.

ಇಂಥ ಸೀಮೆಯಲ್ಲಿ ತೋಟದ ಮನೆಯ ತರುಣನೊಬ್ಬನು ಬೆಂಗಳೂರಿನ ಉದ್ಯೋಗವನ್ನು ಬಿಟ್ಟು ಊರಿಗೆ ಮರಳಿದನು. ದಿನದ ಹೊತ್ತು ತೋಟದ ಕೆಲಸ. ಭಾನುವಾರ ಬಂತೆಂದರೆ ಸೈಕಲ್ಲನ್ನೇರಿ ಹತ್ಯಾಳಿನ ಬೆಟ್ಟದ ಕಡೆಗೋ, ಚಿಕ್ಕನಾಯಕನಹಳ್ಳಿಯಾಚೆಯ ಮದಲಿಂಗನ ಕಣಿವೆಯ ಕಡೆಗೋ ಹೊರಡುವುದು ಅವನ ಹವ್ಯಾಸ. ಅವನ ಬಳಿಯಿದ್ದುದು ಅಲ್ಯೂಮಿನಿಯಮ್ಮಿನ ಹಗುರವಾದ ಸೈಕಲ್ಲು. ಒಂದು ಭಾನುವಾರ ಕಲ್ಲುಗಳ ಇಳಿಜಾರಿನಲ್ಲಿ ಸೀಟಿನ ದಂಡದ ತಲೆಯ ಬಳಿ ಅದು ಬಿರಿದು ಬಾಯ್ಬಿಟ್ಟಿತು. ತರುಣನು ಮುಂದಕ್ಕೆಸೆಯಲ್ಪಟ್ಟು ಕೊರಳೆಲುಬನ್ನು ಮುರಿದುಕೊಂಡನು. ಆರು ವಾರಗಳ ಕಾಲ ತೋಳನ್ನು ಜೋಳಿಗೆಯಲ್ಲಿಟ್ಟುಕೊಂಡು ಕುಳಿತ ಮಗನನ್ನು ಕಂಡ ತಾಯಿಯು, ಅವನು ಇನ್ನೊಂದು ಸೈಕಲ್ಲಿನ ಮಾತೆತ್ತಿದಾಗ ಮೊದಲು ಮೌನ ತಾಳಿದರು, ಕಡೆಗೊಮ್ಮೆ ಒಂದೇ ಮಾತು ಹೇಳಿದರು: “ತರೋದಾದರೆ ಮುರಿಯದಂಥದ್ದು ತಾ. ಮುರಿದರೂ ಈ ಊರಲ್ಲೇ ಸರಿಮಾಡೋ ಹಾಗಿರಬೇಕು. ನಿನ್ನ ಮೂಳೇನ ನಾನು ಎಷ್ಟು ಸಲ ಕಟ್ಟಿಸಲಿ?”

ತಾಯಿಯ ಈ ಷರತ್ತನ್ನು ತರುಣನು ಲೋಹದ ಆಯ್ಕೆಯೆಂದು ಅರ್ಥಮಾಡಿಕೊಂಡನು. ಉಕ್ಕಿನದೇ ಚೌಕಟ್ಟು, ಹಿಂದೆ ಸ್ಪ್ರಿಂಗಿಲ್ಲದೆ ಮುಂದುಗಡೆ ಮಾತ್ರ ಕುಗ್ಗಿ ಹಿಗ್ಗುವ ಫೋರ್ಕುಳ್ಳದ್ದು, ಲೋಕದಲ್ಲಿ ‘ಹಾರ್ಡ್‌ಟೇಲ್’ ಎಂದು ಹೆಸರಾದ ಬೆಟ್ಟದ ಸೈಕಲ್ಲು ಆಗಬೇಕೆಂದು ನಿಶ್ಚಯಿಸಿದನು. ಈ ಜಾತಿಯ ಸೈಕಲ್ಲಿನ ಹುಟ್ಟು ವಿನೋದಕರವಾದದ್ದು. ಅಮೆರಿಕೆಯ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯ ಕೆಲವು ತರುಣರು 1930ರ ದಶಕದ ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿತಂದು, 1976ರಿಂದ ಗುಡ್ಡದ ಹಾದಿಯೊಂದರಲ್ಲಿ ಇಳಿಯುವ ಪಂದ್ಯಗಳನ್ನು ನಡೆಸಿದರು. ಒಂದು ಸಲ ಇಳಿಯುವಷ್ಟರಲ್ಲಿ ಹಿಂದಿನ ಹಬ್ಬಿನ ಬ್ರೇಕು ಕಾದು ಗ್ರೀಸೆಲ್ಲ ಹೊಗೆಯಾಗಿ ಹೋಗುತ್ತಿದ್ದುದರಿಂದ ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಅದೇ ಕಾರಣಕ್ಕೆ ಆ ಹಾದಿಗೆ ‘ರೀಪ್ಯಾಕ್’ ಎಂದು ಹೆಸರಾಯಿತು. ಹಳೆಯ ಚೌಕಟ್ಟುಗಳು ತಡೆಯದೆ ಮುರಿಯುತ್ತಿದ್ದುದನ್ನು ಕಂಡು ಜೋ ಬ್ರೀಜ್ ಎಂಬಾತನು 1977ರಲ್ಲಿ ಕ್ರೋಮೋಲಿ ಕೊಳವೆಗಳಿಂದ ಹೊಸ ಚೌಕಟ್ಟನ್ನು ಬೆಸೆದನು. ಮುಂದಿನ ಫೋರ್ಕಿನಲ್ಲಿ ಕುಗ್ಗುವ ಏರ್ಪಾಟು ಪೇಟೆಗೆ ಬಂದದ್ದು 1989ರಲ್ಲಿ. ಎಂದರೆ, ಬೆಟ್ಟದ ಸೈಕಲ್ಲು ಉಕ್ಕಿನ ಮಗುವಾಗಿಯೇ ಹುಟ್ಟಿತು.

ಉಕ್ಕಿಗೂ ಅಲ್ಯೂಮಿನಿಯಮ್ಮಿಗೂ ಇರುವ ಅಂತರವನ್ನು ಪಕ್ಷಪಾತವಿಲ್ಲದೆ ನೋಡಬೇಕು. ಉಕ್ಕು ಅಲ್ಯೂಮಿನಿಯಮ್ಮಿನ ಮೂರರಷ್ಟು ಭಾರ. ಬಿಗುವಿನಲ್ಲಿಯೂ ಸರಿಸುಮಾರು ಮೂರರಷ್ಟೇ. ಹಾಗಾದರೆ ಲೆಕ್ಕ ಸಮವಾಯಿತಲ್ಲ ಎನ್ನಬಹುದು. ಆದರೆ ಕೊಳವೆಯನ್ನು ದಪ್ಪನಾಗಿಸಿದಂತೆ ಅದರ ಬಿಗುವು ಬಹುಬೇಗ ಹೆಚ್ಚುವುದರಿಂದ, ಅಲ್ಯೂಮಿನಿಯಮ್ಮಿನವರು ದಪ್ಪ ಕೊಳವೆಯನ್ನು ಬಳಸಿ ಭಾರವನ್ನು ಉಳಿಸುತ್ತಾರೆ. ಉಕ್ಕಿನ ಗುಣ ಬೇರೆ ಕಡೆಗಿದೆ. ಒಂದು ಮಿತಿಯೊಳಗಿನ ಪೆಟ್ಟುಗಳನ್ನು ಅದು ಲಕ್ಷೋಪಲಕ್ಷ ಸಲ ತಿಂದರೂ ದಣಿಯುವುದಿಲ್ಲ. ಅಲ್ಯೂಮಿನಿಯಮ್ಮಿಗೆ ಅಂಥ ಮಿತಿಯಿಲ್ಲ, ಸಣ್ಣ ಪೆಟ್ಟೂ ಲೆಕ್ಕಕ್ಕೆ ಸೇರುತ್ತ ಹೋಗುತ್ತದೆ. ಹಾಗೆಂದು ಅದರ ಚೌಕಟ್ಟುಗಳೆಲ್ಲ ಮುರಿಯುತ್ತವೆಂದಲ್ಲ. ಬಲ್ಲ ಶಿಲ್ಪಿಗಳು ಆ ದಣಿವನ್ನು ಮೊದಲೇ ಎಣಿಸಿ ದಪ್ಪವನ್ನು ಗೊತ್ತುಮಾಡಿರುತ್ತಾರೆ. ಬರ್ಮಿಂಗ್‌ಹ್ಯಾಮಿನ ಆಲ್‌ಫ್ರೆಡ್ ರೆನಾಲ್ಡ್ಸ್ 1897ರಲ್ಲಿ ಪೇಟೆಂಟು ಪಡೆದ ಉಪಾಯವೂ ಇಲ್ಲಿ ಸ್ಮರಣೀಯ. ಕೊಳವೆಯ ಎರಡು ತುದಿಗಳಲ್ಲಿ, ಎಂದರೆ ಬೆಸುಗೆ ಬೀಳುವಲ್ಲಿ, ಗೋಡೆಯನ್ನು ದಪ್ಪವಾಗಿಟ್ಟು ನಡುವೆ ತೆಳುವಾಗಿಸುವುದು; ಹೊರಗಿನಿಂದ ನೋಡಿದರೆ ಏನೂ ತಿಳಿಯದು. ಇಂದಿಗೂ ಒಳ್ಳೆಯ ಉಕ್ಕಿನ ಚೌಕಟ್ಟಿನಲ್ಲಿ ತುದಿಗಳು 0.8 ಮಿಲಿಮೀಟರಿದ್ದರೆ ನಡು 0.5 ಮಿಲಿಮೀಟರಿರುವುದುಂಟು.

ಇಷ್ಟನ್ನೆಲ್ಲ ಓದಿ ತಿಳಿದುಕೊಂಡ ತರುಣನು, ಮುರಿದ ಚೌಕಟ್ಟನ್ನು ಗುಜರಿಗೆ ಹಾಕುವ ಮೊದಲು ಊರಿನ ಹಿರಿಯ ಸೈಕಲ್ ಮೇಸ್ತ್ರಿಗೆ ತೋರಿಸಿದನು. ಹೊಂಗೆಯ ಮರದಡಿಯ ಸಣ್ಣ ಅಂಗಡಿಯಲ್ಲಿ ನಲವತ್ತು ವರ್ಷ ರೋಡ್‌ಸ್ಟರುಗಳ ಕಡ್ಡಿ ಬಿಗಿದ ಮುದುಕರು ಅವರು. ‘ಹಾರ್ಡ್‌ಟೇಲ್’ ಎಂಬ ಹೆಸರನ್ನು ಅವರು ಕೇಳಿರಲಿಲ್ಲ. ಆದರೆ ಬಿರುಕನ್ನು ಬೆರಳಿನಿಂದ ಸವರಿ, ಸೀಟಿನ ಕಂಬವನ್ನು ಎಳೆದು ತೆಗೆದು, ಅದರ ಮೇಲೆ ಕೊರೆದಿದ್ದ ಒಂದು ಗೆರೆಯನ್ನು ತೋರಿಸಿದರು. ಕಂಬವನ್ನು ಇದಕ್ಕಿಂತ ಮೇಲಕ್ಕೆ ಎತ್ತಕೂಡದೆಂದು ಹೇಳುವ ಗೆರೆ ಅದು. ಮಣ್ಣು ಹತ್ತಿದ ಗುರುತಿನ ಪ್ರಕಾರ ಆ ಗೆರೆ ನಾಲ್ಕಾರು ಬೆರಳಿನಷ್ಟು ಹೊರಗೇ ನಿಂತಿದ್ದಿತು. “ಲೋಹ ಮೋಸ ಮಾಡಲಿಲ್ಲ. ಅಂಗಿ ಚಿಕ್ಕದಾಗಿತ್ತು, ತೋಳು ಹರೀತು,” ಎಂದರಷ್ಟೇ.

ಆ ಮಾತಿನ ಸತ್ಯವನ್ನು ಲೆಕ್ಕದಿಂದಲೇ ತೋರಿಸಬಹುದು. ತರುಣನ ಎತ್ತರ 172 ಸೆಂಟಿಮೀಟರು. ಬರಿಗಾಲಿನಲ್ಲಿ ಗೋಡೆಗೊರಗಿ ನಿಂತು ಅಳೆದರೆ ಕಾಲಿನ ಒಳ ಅಳತೆ 80. ಇದನ್ನು 0.883ರಿಂದ ಗುಣಿಸಿದರೆ, ಪೆಡಲಿನ ಅಚ್ಚುಗುಂಬದ ನಡುವಿನಿಂದ ಸೀಟಿನ ನೆತ್ತಿಯವರೆಗೆ ಇರಬೇಕಾದ ಎತ್ತರ ಸಿಗುತ್ತದೆ: ಸುಮಾರು 70.6. ಹಳೆಯ ಚೌಕಟ್ಟಿನ ಸೀಟಿನ ದಂಡ 38 ಸೆಂಟಿಮೀಟರಿನದು. ಸೀಟಿನ ಸ್ವಂತ ಎತ್ತರಕ್ಕೆ 5 ಕಳೆದರೆ, ಕಂಬವು 27ಕ್ಕೂ ಹೆಚ್ಚು ಸೆಂಟಿಮೀಟರು ಹೊರಗೆ ನಿಲ್ಲಬೇಕು. ಕಂಬದ ಒಟ್ಟು ಉದ್ದವೇ 30. ಚೌಕಟ್ಟಿನೊಳಗೆ ಉಳಿದುದು ಎರಡೂವರೆ ಸೆಂಟಿಮೀಟರು! ಸವಾರನ ಭಾರವೆಲ್ಲ ಸನ್ನೆಗೋಲಿನಂತೆ ಆ ಎರಡೂವರೆ ಸೆಂಟಿಮೀಟರಿನ ಬಾಯಿಯ ಮೇಲೆ ಬಿದ್ದಿತು. ಹೀಗಿರುವಲ್ಲಿ ಉಕ್ಕಾದರೂ ಬಿರಿಯದೆ ಇದ್ದೀತೆ? ಅಗ್ಗಕ್ಕೆ ಸಿಕ್ಕಿತೆಂದು ಅಳತೆ ನೋಡದೆ ಕೊಂಡದ್ದರ ಫಲವನ್ನು ಕೊರಳೆಲುಬು ಅನುಭವಿಸಿತು.

ಅಂದಿನಿಂದ ಅವನ ಆಯ್ಕೆಯ ಕ್ರಮವೇ ಬದಲಾಯಿತು. ಮೊದಲು ಮೈಯ ಅಳತೆ, ಅನಂತರ ಹಾದಿಯ ಸ್ವಭಾವ, ಕಡೆಯಲ್ಲಿ ಲೋಹ. ಬೆಟ್ಟದ ಸೈಕಲ್ಲಿನಿಂದ ಹಠಾತ್ತಾಗಿ ಕಾಲಿಳಿಸಬೇಕಾದಾಗ ಅಡ್ಡದಂಡ ತಾಗದಿರಲು ಕನಿಷ್ಠ 5 ಸೆಂಟಿಮೀಟರು ಬಿಡುವು ಬೇಕು. ಆದುದರಿಂದ ಅಡ್ಡದಂಡದ ಎತ್ತರ 75ನ್ನು ಮೀರಬಾರದು. ಸೀಟಿನ ದಂಡ 43 ಇರುವ ಚೌಕಟ್ಟಿಗೆ 40ರ ಉದ್ದನೆಯ ಕಂಬವನ್ನು ಹಾಕಿದರೆ ಹೊರಗೆ 22-23 ನಿಂತು, ಒಳಗೆ 17 ಉಳಿಯುತ್ತದೆ. ಅಡ್ಡದಂಡದ ಬೆಸುಗೆಯನ್ನು ದಾಟಿ ಕೆಳಗಿಳಿಯುವುದರಿಂದ ಭಾರ ಹಂಚಿಹೋಗುತ್ತದೆ. ಇನ್ನು ‘ರೀಚ್’ ಎಂಬ ಅಳತೆ: ಪೆಡಲಿನ ಅಚ್ಚುಗುಂಬದಿಂದ ನೆಟ್ಟಗೆ ಮೇಲಕ್ಕೆ ಎಳೆದ ಗೆರೆಯಿಂದ ತಲೆಗೊಳವೆಯ ನೆತ್ತಿಯವರೆಗಿನ ಅಡ್ಡ ದೂರ. ಎದ್ದು ನಿಂತು ಇಳಿಜಾರಿನಲ್ಲಿ ಸಾಗುವಾಗ ಮೈಗೆ ಎಷ್ಟು ಜಾಗವಿದೆಯೆಂಬುದನ್ನು ಹೇಳುವುದು ಇದೇ. ತರುಣನ ಎತ್ತರಕ್ಕೆ 43-44 ಸೆಂಟಿಮೀಟರು ಹಿತವೆಂದು ಕಂಡಿತು.

ತಲೆಗೊಳವೆಯ ಓರೆಯ ವಿಷಯದಲ್ಲಿ ಒಂದು ಸ್ವಾರಸ್ಯವಿದೆ. 1990ರ ದಶಕದ ಬೆಟ್ಟದ ಸೈಕಲ್ಲುಗಳಲ್ಲಿ ಅದು ನೆಲದೊಡನೆ 71 ಡಿಗ್ರಿಯಷ್ಟು ನೆಟ್ಟಗಿರುತ್ತಿತ್ತು. ಹ್ಯಾಂಡಲ್ಲು ಚುರುಕು, ಆದರೆ ಇಳಿಜಾರಿನಲ್ಲಿ ಮುಗ್ಗರಿಸುವ ಭಯ. ಈಚಿನವರು ಅದನ್ನು 67ಕ್ಕೂ ಅದಕ್ಕಿಂತ ಕೆಳಕ್ಕೂ ಓರೆಯಾಗಿಸಿ, ಮುಂಚಕ್ರವನ್ನು ದೂರ ತಳ್ಳಿ, ಸ್ಥಿರತೆಯನ್ನು ಪಡೆದಿದ್ದಾರೆ. ಕೆಟ್ಟ ರಸ್ತೆಗಳಿಗೆಂದೇ ಹುಟ್ಟಿದ ಹಳೆಯ ರೋಡ್‌ಸ್ಟರಿನ ತಲೆಗೊಳವೆಯೂ ಹೀಗೆಯೇ ಬಹಳ ಓರೆಯಾದದ್ದೆಂಬುದನ್ನು ಮೇಸ್ತ್ರಿಯವರು ಎರಡು ಸೈಕಲ್ಲುಗಳನ್ನು ಪಕ್ಕದಲ್ಲಿ ನಿಲ್ಲಿಸಿ ತೋರಿಸಿಕೊಟ್ಟರು. ಚಕ್ರದ ಅಳತೆಯಲ್ಲಿಯೂ ಇಂಥದೇ ಒಂದು ಚಮತ್ಕಾರ. ಹೊಸ ಸೈಕಲ್ಲಿನ ಚಕ್ರ 29 ಇಂಚಿನದು, ರೋಡ್‌ಸ್ಟರಿನದು 28 ಇಂಚಿನದು. ಆದರೆ ಟೈರು ಕೂರುವ ರಿಮ್ಮಿನ ವ್ಯಾಸವನ್ನು ಅಳೆದರೆ ಮೊದಲನೆಯದು 622 ಮಿಲಿಮೀಟರು, ಎರಡನೆಯದು 635! ಹೆಸರಿನಲ್ಲಿ ಹಿರಿದಾದದ್ದು ಅಸ್ಥಿಯಲ್ಲಿ ಕಿರಿದು. ಟೈರಿನ ಮಾಂಸದಿಂದ ಅದು ಹಿರಿದಾಯಿತು.

ಅಳತೆಗಳು ಗೊತ್ತಾದ ಮೇಲೆ ಹಣದ ಪ್ರಶ್ನೆ. ಅದು 2024ನೆಯ ಇಸವಿ. ಕೇಂದ್ರ ಸರ್ಕಾರವು ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,000 ರೂಪಾಯಿಗಳ ಬೆಂಬಲ ಬೆಲೆಯನ್ನು ಸಾರಿದ್ದರೂ, ಆ ವರ್ಷದ ಮೊದಲಲ್ಲಿ ಪೇಟೆಯ ಬೆಲೆ ಅದಕ್ಕಿಂತ ಬಹಳ ಕೆಳಗಿದ್ದಿತು. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಕಾದು, ನೀರಿಂಗಿ, ಅಲುಗಿಸಿದರೆ ಗೊಟಗೊಟನೆ ಸದ್ದು ಮಾಡುವ ಕಾಯೇ ಈ ಸೀಮೆಯ ಉಳಿತಾಯದ ಖಾತೆ. ಆ ಖಾತೆಯಿಂದ ನಾಲ್ಕು ಕ್ವಿಂಟಲನ್ನು ಸರ್ಕಾರದ ಖರೀದಿ ಕೇಂದ್ರದಲ್ಲಿ ಕೊಟ್ಟು, ಬಂದ ಹಣದಲ್ಲಿ ಚೌಕಟ್ಟನ್ನು ಮಾತ್ರ ತರಿಸಿದನು. ಚಕ್ರ, ಬ್ರೇಕು, ಗೇರು ಮುಂತಾದವುಗಳಲ್ಲಿ ಕೆಲವು ಹಳೆಯ ಸೈಕಲ್ಲಿನಿಂದ ಬಂದವು. ಉಳಿದವನ್ನು ಒಂದೊಂದಾಗಿ ಕೂಡಿಸಿದನು. ಹಳೆಯ ಹಿಂಚಕ್ರದ ಹಬ್ಬಿನ ಅಗಲ 135 ಮಿಲಿಮೀಟರು. ಈಚಿನ ಚೌಕಟ್ಟುಗಳಲ್ಲಿ 148 ಬಂದಿರುವುದರಿಂದ, ಹಳೆಯ ಚಕ್ರ ಹೊಂದುವ ಚೌಕಟ್ಟನ್ನೇ ಹುಡುಕಿ ಆರಿಸಿದ್ದನು. ಪೆಡಲಿನ ಅಚ್ಚುಗುಂಬವೂ ಒತ್ತಿ ಕೂರಿಸುವಂಥದಲ್ಲ, ಮರೆಸುತ್ತಿನದು. ಬಲಗಡೆಯ ಬಟ್ಟಲಿಗೆ ಎಡಸುತ್ತು, ಎಡಗಡೆಯದಕ್ಕೆ ಬಲಸುತ್ತು ಎಂಬ ಹಳೆಯ ಸೂತ್ರವನ್ನು ಯಾರೂ ಮೇಸ್ತ್ರಿಗೆ ಹೇಳಿಕೊಡಬೇಕಾಗಿರಲಿಲ್ಲ.

ಚೌಕಟ್ಟು ಬಂದ ದಿನ ಮೊದಲ ಪರೀಕ್ಷೆ ಅದರ ನೇರದ್ದು. ಹಿಂದಿನ ಅಚ್ಚು ಕೂರುವ ಒಂದು ಕಿವಿಗೆ ದಾರ ಕಟ್ಟಿ, ಮುಂದೆ ತಲೆಗೊಳವೆಯನ್ನು ಬಳಸಿ, ಇನ್ನೊಂದು ಕಿವಿಗೆ ತಂದು ಬಿಗಿಯಬೇಕು. ಸೀಟಿನ ದಂಡದಿಂದ ಎರಡು ಕಡೆಯ ದಾರಗಳಿಗೂ ಇರುವ ದೂರ ಸಮವಾಗಿದ್ದರೆ ಚೌಕಟ್ಟು ನೇರ. ಗಾರೆಯವರ ದಾರವನ್ನು ತಂದು ಕಟ್ಟಿ ನೋಡಿದಾಗ ಒಂದು ಕಡೆ ಮೂರು ಮಿಲಿಮೀಟರು ಹೆಚ್ಚು ಬಂದಿತು. ತರುಣನ ಮುಖ ಬಾಡಿತು; ಹಿಂದಕ್ಕೆ ಕಳುಹಿಸುವ ಮಾತು ಬಂದಿತು. ಉಕ್ಕಾದ್ದರಿಂದ ನಿಧಾನವಾಗಿ ಬಾಗಿಸಿ ಸರಿಪಡಿಸಬಹುದೆಂದು ನೆರೆದವರಲ್ಲಿ ಒಬ್ಬರೆಂದರು. ಮೇಸ್ತ್ರಿಯವರು ಮಾತ್ರ ಚೌಕಟ್ಟನ್ನು ಮುಟ್ಟಲಿಲ್ಲ. ದಾರವನ್ನು ಅನುಸರಿಸಿ ಕಣ್ಣು ಹಾಯಿಸಿದರು. ತಲೆಗೊಳವೆಯ ಒಂದು ಪಕ್ಕದಲ್ಲಿ ಬ್ರೇಕಿನ ಕೇಬಲ್ಲು ಹಿಡಿಯುವ ಸಣ್ಣ ಗುಬ್ಬಿಯಿದ್ದು, ದಾರವು ಅದರ ಮೇಲೇರಿ ಕುಳಿತಿದ್ದಿತು. ದಾರವನ್ನು ಒಂದು ಬೆರಳು ಕೆಳಕ್ಕೆ ಸರಿಸಿ ಕಟ್ಟಿದರು. ಎರಡು ಕಡೆಯೂ ಸಮವಾಯಿತು. ಓಲೆಯ ಪ್ರತಿಗಳನ್ನು ಪರಿಷ್ಕರಿಸುವವರಿಗೆ ಈ ಪಾಠ ಹೊಸದಲ್ಲ. ಕವಿಯ ಮಾತನ್ನು ತಿದ್ದುವ ಮೊದಲು ಲಿಪಿಕಾರನ ಕೈತಪ್ಪನ್ನು ನೋಡಬೇಕು. ಲಿಪಿಕಾರನನ್ನು ದೂರುವ ಮೊದಲು ಓದುವವನ ಕಣ್ಣನ್ನು ನೋಡಬೇಕು.

ಅನಂತರ ತುಕ್ಕಿನ ವಿಚಾರ. ಉಕ್ಕಿನ ಶತ್ರು ಹೊರಗಿನ ಗೀರಿಗಿಂತ ಹೆಚ್ಚಾಗಿ ಒಳಗಿನ ತೇವ. ತೆಂಗಿನ ಸೀಮೆಯಲ್ಲಿ ಎಲ್ಲ ರೋಗಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು. ಕೊಳವೆಗಳೊಳಗೂ ಅದನ್ನೇ ಸುರಿಯೋಣವೆಂದು ತಾಯಿಯು ಒಂದು ತಂಬಿಗೆ ತಂದಿಟ್ಟರು. ಆದರೆ ಎಣ್ಣೆಗಳಲ್ಲಿ ಜಾತಿಭೇದವುಂಟು. ಅಗಸೆ ಎಣ್ಣೆಯು ಗಾಳಿ ತಗುಲಿದಂತೆ ಒಣಗಿ ಅರಗಿನ ಪೊರೆಯಂತೆ ಗಟ್ಟಿಯಾಗುತ್ತದೆ. ಚಿತ್ರಕಾರರು ಬಣ್ಣ ಕಲಸುವುದಕ್ಕೂ ಬಡಗಿಗಳು ಮರಕ್ಕೆ ಸವರುವುದಕ್ಕೂ ಇದೇ ಕಾರಣ. ಕೊಬ್ಬರಿ ಎಣ್ಣೆ ಎಂದೂ ಹೀಗೆ ಒಣಗದು; ಚಳಿಗೆ ಹೆಪ್ಪುಗಟ್ಟಿ, ಬಿಸಿಲಿಗೆ ಕರಗಿ, ತಳಕ್ಕಿಳಿದು ಹೋಗುತ್ತದೆ. ಚೈನಿಗೆ ಹಾಕಿದರಂತೂ ದೂಳನ್ನು ಕಲಸಿ ಹಲ್ಲುಗಳನ್ನು ಅರೆಯುವ ಚಟ್ನಿಯಾಗುತ್ತದೆ. ಆದುದರಿಂದ ಕಾಯಿಸಿದ ಅಗಸೆ ಎಣ್ಣೆಯನ್ನೇ ಕೊಳವೆಗಳೊಳಗೆ ಬಿಟ್ಟು, ಚೌಕಟ್ಟನ್ನು ಎಲ್ಲ ದಿಕ್ಕಿಗೂ ಹೊರಳಿಸಿ, ಉಳಿದುದನ್ನು ಬಸಿದು, ಮೂರು ದಿನ ನೆರಳಿನಲ್ಲಿ ತೂಗುಹಾಕಿದರು. ಅಚ್ಚುಗುಂಬದ ತಳದ ಸಣ್ಣ ರಂಧ್ರ ಬಣ್ಣದಿಂದ ಮುಚ್ಚಿಹೋಗದಂತೆ ಕಡ್ಡಿಯಿಂದ ಬಿಡಿಸಿದರು; ಮಳೆಯ ನೀರು ಹೊರಹೋಗುವ ಬಚ್ಚಲು ಅದೇ. ಸೀಟಿನ ಕಂಬ ಅಲ್ಯೂಮಿನಿಯಮ್ಮಿನದು, ದಂಡ ಉಕ್ಕಿನದು. ನಡುವೆ ಗ್ರೀಸಿಲ್ಲದಿದ್ದರೆ ತೇವದಲ್ಲಿ ಎರಡೂ ಕಚ್ಚಿಕೊಂಡು ಬಿಡಿಸಲಾರದಂತಾಗುತ್ತವೆ. ತಂಬಿಗೆಯ ಎಣ್ಣೆ ವ್ಯರ್ಥವಾಗಲಿಲ್ಲ. ಮೇಸ್ತ್ರಿಯವರ ಅಂಗೈಯ ಬಿರುಕುಗಳಿಗೆ ಒದಗಿತು.

ಜೋಡಣೆಯ ಉಳಿದ ಕಾರ್ಯ ತಾಳ್ಮೆಯದು. ಫೋರ್ಕಿನ ಮೇಲಿನ ಬೋಲ್ಟು ಭಾರ ಹೊರುವುದಕ್ಕಲ್ಲ, ಬೇರಿಂಗಿನ ಅಲುಗಾಟವನ್ನು ತೆಗೆಯುವುದಕ್ಕೆ ಮಾತ್ರ. ಅದನ್ನು ಹದವಾಗಿ ತಿರುಗಿಸಿ ಅನಂತರ ಪಕ್ಕದ ಬೋಲ್ಟುಗಳನ್ನು ಬಿಗಿಯಬೇಕು. ಮುಂದಿನ ಬ್ರೇಕನ್ನು ಹಿಡಿದು ಸೈಕಲ್ಲನ್ನು ಹಿಂದೆ ಮುಂದೆ ಅಲುಗಿಸಿದಾಗ ಕಟಕಟ ಸದ್ದಿರಕೂಡದು. ಮುಂಭಾಗವನ್ನು ಎತ್ತಿ ಹಿಡಿದಾಗ ಹ್ಯಾಂಡಲ್ಲು ತಾನೇ ಬಳುಕಿ ತಿರುಗಬೇಕು. ಫೋರ್ಕು ಕುಗ್ಗುವ ದೂರ 120 ಮಿಲಿಮೀಟರು. ಸವಾರನು ಸುಮ್ಮನೆ ಕುಳಿತಾಗಲೇ ಅದರ ಐದನೆಯ ಒಂದು ಪಾಲು, ಎಂದರೆ 24 ಮಿಲಿಮೀಟರು, ಇಳಿದಿರಬೇಕು. ಆಗ ಚಕ್ರವು ಉಬ್ಬಿನ ಮೇಲೇರುವಂತೆಯೇ ತಗ್ಗಿಗೂ ಇಳಿಯಬಲ್ಲದು. ಕೊಳವೆಗೆ ಒಂದು ದಾರದ ಗಂಟು ಕಟ್ಟಿ, ಗಾಳಿಯನ್ನು ಏರಿಸಿ ಇಳಿಸಿ, ಆ ಅಳತೆಗೆ ತಂದರು. ಚೌಕಟ್ಟಿಗೆ ಗೊತ್ತುಮಾಡಿದುದಕ್ಕಿಂತ 20 ಮಿಲಿಮೀಟರು ಉದ್ದದ ಫೋರ್ಕನ್ನು ಹಾಕಿದರೆ ತಲೆಗೊಳವೆ ಸುಮಾರು ಒಂದು ಡಿಗ್ರಿ ಹಿಂದಕ್ಕೊರಗುವುದಲ್ಲದೆ, ಬೆಸುಗೆಯ ಮೇಲಿನ ಒತ್ತಡವೂ ಹೆಚ್ಚುತ್ತದೆ; ‘ದೊಡ್ಡದಿದ್ದರೆ ಒಳ್ಳೆಯದು’ ಎಂಬ ನ್ಯಾಯ ಇಲ್ಲಿ ಸಲ್ಲದು. ಸೀಟನ್ನು ಹಿಂದೆ ಮುಂದೆ ಸರಿಸಲು ಗಾರೆಯವರ ತೂಗುಗುಂಡು ಸಾಕಾಯಿತು. ಪೆಡಲು ಮುಂದಕ್ಕೆ ಚಾಚಿದ್ದಾಗ ಮಂಡಿಚಿಪ್ಪಿನ ಕೆಳಗಿನಿಂದ ಬಿಟ್ಟ ದಾರ ಪೆಡಲಿನ ಅಚ್ಚಿನ ಮೇಲೆ ಬಿದ್ದರೆ, ಅದು ಒಳ್ಳೆಯ ಆರಂಭ. ಮುಂದಿನದನ್ನು ಬೆನ್ನೂ ಮಂಡಿಯೂ ಹೇಳುತ್ತವೆ.

ಟೈರುಗಳ ಬಗ್ಗೆ ಮಾತ್ರ ಮೇಸ್ತ್ರಿಯವರಿಗೂ ತರುಣನಿಗೂ ಕೆಲವು ದಿನ ವಾದ ನಡೆಯಿತು. ಗಾಳಿಯೆಂದರೆ ಕಲ್ಲಿನಂತಿರಬೇಕೆಂಬುದು ರೋಡ್‌ಸ್ಟರಿನ ಧರ್ಮ. ಅಗಲವಾದ ಟೈರಿಗೆ 22-25 ಪೌಂಡು ಸಾಕು, ಟ್ಯೂಬೂ ಬೇಡ, ಒಳಗೆ ರಬ್ಬರು ಹಾಲಿನ ದ್ರವವಿದ್ದರೆ ಮುಳ್ಳು ಚುಚ್ಚಿದ ತೂತನ್ನು ಅದೇ ಮುಚ್ಚುತ್ತದೆಂದರೆ ಅವರು ನಂಬಲಿಲ್ಲ. ತರುಣನು ಬೇಲಿಯಿಂದ ಜಾಲಿಮುಳ್ಳನ್ನು ಮುರಿದು ತಂದು ಅವರ ಕೈಗೇ ಕೊಟ್ಟನು. ಚುಚ್ಚಿ ಕಿತ್ತಾಗ ಬುಸ್ಸೆಂದ ಗಾಳಿ, ಚಕ್ರವನ್ನು ನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ನಿಂತಿತು. ಮುದುಕರು ನಕ್ಕು, “ಪಂಚರ್ ಅಂಗಡಿಗೆ ಬೀಗ ಹಾಕಿಸೋ ವಿದ್ಯೆ ಕಲಿತುಬಂದೆ,” ಎಂದರು. ಬಿಸಿಲಿಗೆ ಆ ದ್ರವ ಒಣಗುವುದರಿಂದ ಎರಡು ಮೂರು ತಿಂಗಳಿಗೊಮ್ಮೆ ಮರುಪೂರಣ ಬೇಕೆಂದು ತಿಳಿದ ಮೇಲೆ ಅವರಿಗೆ ಸ್ವಲ್ಪ ಸಮಾಧಾನವಾಯಿತು.

ಎಲ್ಲ ಮುಗಿದ ಮೇಲೆ ಉಳಿದದ್ದು ತಾಯಿಯ ಎರಡನೆಯ ಷರತ್ತು: ಮುರಿದರೆ ಊರಿನಲ್ಲೇ ಸರಿಯಾಗಬೇಕು. ಅದನ್ನು ಅವರು ಮಗನನ್ನಲ್ಲ, ಮೇಸ್ತ್ರಿಯವರನ್ನೇ ಕೇಳಿದರು. ಹೌದೆಂದು ಒಂದು ಮಾತು ಹೇಳಿಬಿಟ್ಟಿದ್ದರೆ ಅಂದೇ ಸವಾರಿ ಹೊರಡುತ್ತಿತ್ತು. ಅವರು ಹಾಗೆ ಹೇಳಲಿಲ್ಲ. “ಗೇಟು ಬೆಸೆಯೋ ವೆಲ್ಡಿಂಗಿನವರು ಇದನ್ನು ಮುಟ್ಟಬಾರದು. ಕೊಳವೆ ಎಲೆಯಷ್ಟು ತೆಳು, ಸುಟ್ಟು ತೂತಾಗುತ್ತೆ. ಹಿತ್ತಾಳೆ ಬೆಸುಗೆ ಬಲ್ಲವರು ಬೆಸೆಯಬಹುದು. ನಾನು ಹಿಂದೆ ಮಾಡ್ತಿದ್ದೆ, ಈಗ ಕೈ ನಡುಗುತ್ತೆ. ಆದರೆ ಒಂದು ಮಾತು: ಉಕ್ಕು ಸಾಮಾನ್ಯವಾಗಿ ಒಮ್ಮೆಗೇ ಬಾಯಿಬಿಡೋದಿಲ್ಲ. ಮೊದಲು ಬಣ್ಣ ಬಿರಿಯುತ್ತೆ, ಗೆರೆ ಕಾಣುತ್ತೆ. ವಾರಕ್ಕೊಂದು ಸಲ ಒರೆಸಿ ನೋಡೋನಿಗೆ ಅದು ಹೇಳಿಯೇ ಮುರಿಯುತ್ತೆ,” ಎಂದರು. ತಾಯಿಯು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಶನಿವಾರ ಸಂಜೆ ನನ್ನ ಮುಂದೆ ಒರೆಸು,” ಎಂದರು. ಅಪ್ಪಣೆ ದೊರೆತದ್ದು ಭರವಸೆಯಿಂದಲ್ಲ, ಸತ್ಯದಿಂದ. ಆ ಶನಿವಾರದ ವ್ರತ ಇಂದಿಗೂ ತಪ್ಪಿಲ್ಲ; ಮದಲಿಂಗನ ಕಣಿವೆಯ ಹಾದಿಯನ್ನು ಆ ಚೌಕಟ್ಟು ಹಲವು ಸಲ ಏರಿ ಇಳಿದಿದೆ; ಒರೆಸುವ ಬಟ್ಟೆಗೆ ಈವರೆಗೆ ಯಾವ ಗೆರೆಯೂ ಸಿಕ್ಕಿಲ್ಲ.

ಈ ವೃತ್ತಾಂತದಲ್ಲಿ ವಿದ್ಯಾಸಂಸ್ಥೆಗಳ ಹಿತೈಷಿಗಳು ಗಮನಿಸಬೇಕಾದ ಅಂಶವೊಂದಿದೆ. ಮಕ್ಕಳಿಗೆ ಸೈಕಲ್ಲು ಕೊಟ್ಟದ್ದು ದೊಡ್ಡ ಉಪಕಾರ. ಆದರೆ ಅಳತೆಗೆ ತಕ್ಕಂತೆ ಸೀಟನ್ನು ಎತ್ತಿ ಇಳಿಸುವುದನ್ನಾಗಲಿ, ಕಂಬದ ಮೇಲಿನ ಗೆರೆಯ ಅರ್ಥವನ್ನಾಗಲಿ, ಸಡಿಲವಾದ ಕಡ್ಡಿಯನ್ನು ಬಿಗಿಯುವುದನ್ನಾಗಲಿ ಬಹುಮಟ್ಟಿಗೆ ಯಾರೂ ಕಲಿಸಲಿಲ್ಲ. ಒಂದು ಕಡ್ಡಿಕೀಲಿ, ಎರಡು ಜೊತೆ ತೆಳು ಸ್ಪ್ಯಾನರು, ಚೈನು ಬಿಚ್ಚುವ ಸಾಧನ, ಪಂಪು, ಗ್ರೀಸಿನ ಡಬ್ಬ, ಗಾರೆಯವರ ದಾರ, ತೂಗುಗುಂಡು, ಇಷ್ಟು ಒಂದು ಪೆಟ್ಟಿಗೆಯಲ್ಲಿದ್ದರೆ ಶಾಲೆಯ ಒಂದು ಮೂಲೆಯೇ ಕಾರ್ಯಶಾಲೆಯಾಗುತ್ತದೆ. ಗಣಿತದ ಉಪಾಧ್ಯಾಯರು ಕೋನಗಳನ್ನೂ, ವಿಜ್ಞಾನದ ಉಪಾಧ್ಯಾಯರು ಸನ್ನೆಗೋಲನ್ನೂ, ಕನ್ನಡದ ಉಪಾಧ್ಯಾಯರು ಉಕ್ಕು ವೂಟ್ಸಾದ ಕಥೆಯನ್ನೂ ಅಲ್ಲಿಯೇ ಹೇಳಬಹುದು. ಪೆಟ್ಟಿಗೆಯನ್ನು ಕೊಡಬಲ್ಲ ಹಳೆಯ ವಿದ್ಯಾರ್ಥಿಗಳು ಇದ್ದಾರೆ. ಅದನ್ನು ಬಳಸಬಲ್ಲ ಹಿರಿಯ ಕೈಗಳು ಊರೂರಿನಲ್ಲಿ ಇನ್ನೂ ಕೆಲವು ಉಳಿದಿವೆ. ಆದರೆ ಅವು ನಡುಗತೊಡಗಿವೆ. ಹೊಂಗೆಯ ಮರದಡಿಯ ಅಂಗಡಿಯಲ್ಲಿ ಈಗ ಭಾನುವಾರ ಬೆಳಗಿನ ಹೊತ್ತು ಇಬ್ಬರು ಹುಡುಗರು ಮುದುಕರ ಪಕ್ಕದಲ್ಲಿ ಕುಳಿತು ಚಕ್ರ ತಿರುಗಿಸಿ ಕಡ್ಡಿಗಳ ನಾದವನ್ನು ಕೇಳುತ್ತಿರುತ್ತಾರೆ; ಬಿಗಿಯಾದ ಕಡ್ಡಿ ಒಂದು ಸ್ವರ, ಸಡಿಲವಾದದ್ದು ಇನ್ನೊಂದು. ಇಬ್ಬರು ಸಾಲದು.